ಜೇಬಿಗೆ ಹಾಕಿದ ಹೊಲಿಗೆ

ಅಂದು ಬೆಳಿಗ್ಗೆ ಇರಲಪ್ಪನ ಮನೆಯಲ್ಲಿ ರಂಪ ಶುರುವಾದದ್ದು ಒಂದು ಸೂಜಿಯಿಂದ. ಅವನ ಹೆಂಡತಿ ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಸೂಜಿ ಮುರಿಯಿತು, ಇನ್ನೊಂದಕ್ಕೆಂದು ಮೇಜಿನ ಡ್ರಾಯರು ಎಳೆದಳು. ಅದು ಎರಡು ಬೆರಳಷ್ಟು ತೆರೆದು ಪಟ್ಟು ಹಿಡಿದು ನಿಂತಿತು. ಅವಳೂ ಹಟದವಳೇ. ಮೇಜಿಗೆ ಕಾಲು ಕೊಟ್ಟು ಜಗ್ಗಿದಳು. ಡ್ರಾಯರು ಬಂತು, ಅದರ ಜೊತೆಗೆ ಅವಳೂ ನೆಲಕ್ಕೆ ಬಂದಳು. ಆಮೇಲೆ ಅವಳ ಮೇಲೆ ನಾಲ್ಕು ಉಗುರು ಕತ್ತರಿ, ಮೂರು ಟಾರ್ಚು, ಐದು ಬಾಚಣಿಗೆ, ಎರಡು ಭೂತಗನ್ನಡಿ, ಒಂದು ಸೀಟಿ ಇರುವ ಕೀಚೈನು ಬಂದವು. ಸೂಜಿ ಮಾತ್ರ ಬರಲಿಲ್ಲ.

"ರೀ!" ಎಂದು ಅವಳು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಇರಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೀದಿಬದಿಯಲ್ಲಿ ಯಾರಾದರೂ ಬಟ್ಟೆ ಹಾಸಿ ಏನಾದರೂ ಮಾರುತ್ತಿದ್ದರೆ ಅವನ ಕಾಲು ತಾನಾಗಿ ನಿಲ್ಲುತ್ತಿತ್ತು. ಬೇಕೋ ಬೇಡವೋ ಎಂಬ ವಿಚಾರ ಅವನ ತಲೆಗೆ ಹೊಳೆಯುತ್ತಲೇ ಇರಲಿಲ್ಲ. "ಇರಲಿ, ಯಾವತ್ತಾದ್ರೂ ಬೇಕಾಗುತ್ತೆ" ಎಂದು ಕೊಂಡುಬಿಡುತ್ತಿದ್ದ. ಆ 'ಇರಲಿ'ಯನ್ನೇ ಹಿಡಿದು ಆಫೀಸಿನವರು ನಾಮಕರಣ ಮಾಡಿದ್ದರು. ಈಗ ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದಳು.

"ಮೂರು ತಿಂಗಳ ಹಿಂದೆ ತಾನೇ ಈ ಡ್ರಾಯರನ್ನ ಗುಡಿಸಿ ಖಾಲಿ ಮಾಡಿದ್ದೆ. ಮತ್ತೆ ತುಂಬಿಸಿದ್ದೀರಲ್ಲ! ನಿಮಗಿರೋದು ಹತ್ತು ಬೆರಳು. ಎಷ್ಟು ಉಗುರು ಕತ್ತರಿ ಬೇಕ್ರೀ?"

"ಎರಡು ಕೊಂಡ್ರೆ ಇನ್ನೊಂದು ಪುಕ್ಕಟೆ ಅಂದ ಕಣೇ. ಬಿಟ್ರೆ ನಷ್ಟ ಅಲ್ವಾ?"

"ಮೂರನೇದಕ್ಕೆ ಪುಕ್ಕಟೆ. ಮೊದಲಿನ ಎರಡಕ್ಕೆ?"

ಇರಲಪ್ಪ ಮಾತು ತಿರುಗಿಸಲು ಸೊಂಟ ಹಿಡಿದುಕೊಂಡು "ಅಯ್ಯೋ" ಎಂದ. ಇದು ಪೂರ್ತಿ ನಾಟಕವೇನೂ ಆಗಿರಲಿಲ್ಲ. ಹನ್ನೆರಡು ವರ್ಷ ಆಫೀಸಿನ ಸ್ಟೂಲಿನ ಮೇಲೆ ಕೂತು ಅವನ ಬೆನ್ನು ನಿಜವಾಗಿಯೂ ಸೋತಿತ್ತು. ಮನೆಯಲ್ಲಿದ್ದ ಎರಡು ಕುರ್ಚಿಗಳ ಮೇಲೂ ಬಟ್ಟೆಯ ರಾಶಿ. ಅವನಿಗೆ ಇಲ್ಲಿಯೂ ಸ್ಟೂಲೇ ಗತಿ. ಬೀದಿಯ ತಿರುವಿನ ಪೀಠೋಪಕರಣದ ಅಂಗಡಿಯಲ್ಲಿ ಬೆತ್ತದ ಬೆನ್ನಿನ ಒರಗುಕುರ್ಚಿಯೊಂದಿತ್ತು. ದಿನಾ ಸಂಜೆ ಅದನ್ನು 'ನೋಡಲು' ಹೋಗಿ ಅರ್ಧ ಗಂಟೆ ಒರಗಿ ಬರುತ್ತಿದ್ದ. ಒಮ್ಮೆ ಗೊರಕೆಯನ್ನೂ ಹೊಡೆದ. ಅಂದಿನಿಂದ ಅಂಗಡಿಯವನು ಕುರ್ಚಿಗೆ 'ಕೂರಬೇಡಿ' ಎಂಬ ಬೋರ್ಡು ನೇತುಹಾಕಿದ್ದ. ಇಷ್ಟು ವರ್ಷಗಳಲ್ಲಿ ಅವನಿಗೆ ನಿಜವಾಗಿ ಬೇಕಾಗಿದ್ದ ವಸ್ತು ಅದೊಂದೇ. ಅದನ್ನು ಕೊಳ್ಳುವ ದುಡ್ಡು ಮಾತ್ರ ಬಾಚಣಿಗೆ, ಟಾರ್ಚುಗಳಲ್ಲಿ ಕರಗಿಹೋಗುತ್ತಿತ್ತು.

ಹೆಂಡತಿ ಅವನ ಮುಖ ನೋಡಿದಳು. "ಆ ಕುರ್ಚಿ ಬೇಕಾ?"

"ಬೇಕಾ ಅಂತ ಕೇಳ್ತೀಯಲ್ಲ!"

"ಹಾಗಾದ್ರೆ ಇವತ್ತು ಒಂದು ದಿನ ಏನೂ ಕೊಳ್ಳದೆ, ಏನೂ ಖರ್ಚು ಮಾಡದೆ ಮನೆಗೆ ಬನ್ನಿ. ನನ್ನ ಹೊಲಿಗೆ ದುಡ್ಡಲ್ಲಿ ನಾನೇ ಕೊಡಿಸ್ತೀನಿ, ಇವತ್ತು ಸಂಜೇನೇ."

"ಇವತ್ತು ಬೇಡ, ನಾಳೆ ಇಟ್ಕೊಳ್ಳೋಣ."

"ಇವತ್ತೇ. ಇವತ್ತು ನಿಮ್ಮ ಆಫೀಸಲ್ಲಿ ಚೀಲದ ಹರಾಜು. ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಇರಲಪ್ಪ ಕೆಲಸ ಮಾಡುತ್ತಿದ್ದದ್ದು ಬಸ್ ಕಂಪನಿಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಕೋಣೆಯಲ್ಲಿ. ಕೊಡೆ, ಊಟದ ಡಬ್ಬಿಯಂಥ ಬಿಡಿ ಸಾಮಾನು ಕಪಾಟಿನಲ್ಲಿ ಕೂರುತ್ತಿದ್ದವು. ಕಟ್ಟಿದ ಚೀಲ, ಗಂಟುಗಳನ್ನು ಮಾತ್ರ ಗೇಟಿನ ಗುಮಾಸ್ತ ಹಾಗೆಯೇ ಖಾಕಿ ಚೀಲದೊಳಗೆ ಇಳಿಸಿ, ಬಾಯಿಗೆ ಅರಗಿನ ಮುದ್ರೆ ಒತ್ತಿ ಒಳಗೆ ಕಳಿಸುತ್ತಿದ್ದ. ತೊಂಬತ್ತು ದಿನದೊಳಗೆ ಯಜಮಾನ ಬಂದು ಒಳಗೇನಿದೆ ಎಂದು ಸರಿಯಾಗಿ ಹೇಳಿದರೆ ಬಿಡಿಗಾಸಿಲ್ಲದೆ ಒಯ್ಯಬಹುದು. ಯಾರೂ ಬರದ ಚೀಲಗಳು ಮೂರು ತಿಂಗಳಿಗೊಮ್ಮೆ ಸಿಬ್ಬಂದಿಯ ನಡುವೆ ಹರಾಜಾಗುತ್ತಿದ್ದವು. ಹಿಂದೆ ಚೀಲ ಬಿಚ್ಚಿ ಮಾರುತ್ತಿದ್ದಾಗ ಒಂದು ಗೋಡೆ ಗಡಿಯಾರಕ್ಕಾಗಿ ಇಬ್ಬರು ಡ್ರೈವರುಗಳು ಕೈಕೈ ಮಿಲಾಯಿಸಿದ್ದರು. ಅಂದಿನಿಂದ ಮುದ್ರೆ ಒಡೆಯದೆ ಕೂಗಬೇಕೆಂಬ ಕಟ್ಟುನಿಟ್ಟು. ಕಳೆದ ಹರಾಜಿನಲ್ಲಿ ಇರಲಪ್ಪ ಕೊಂಡ ಚೀಲದಲ್ಲಿ ಇಪ್ಪತ್ತಮೂರು ಕೈಗವಸುಗಳಿದ್ದವು, ಎಲ್ಲವೂ ಎಡಗೈಯವು.

ಹೆಂಡತಿ ನೆರೆಮನೆಯಿಂದ ಸೂಜಿ ತಂದಳು. ಅವನ ಅಂಗಿಯ ಜೇಬಿಗೆ ಒಂದೇ ಒಂದು ನೋಟು ಮಡಿಸಿಟ್ಟು, "ಪ್ರಾಣಕ್ಕೆ ಬಂದ್ರೆ ಮಾತ್ರ" ಎಂದು ಹೇಳಿ, ಜೇಬಿನ ಬಾಯಿಯನ್ನು ಕೆಂಪು ದಾರದಲ್ಲಿ ಹೊಲಿದುಬಿಟ್ಟಳು. ಅವಳ ಹೊಲಿಗೆ ಎಂದರೆ ಶಾಲೆ ಮಕ್ಕಳು ವರ್ಷವಿಡೀ ಜಗ್ಗಿದರೂ ಬಿಡದ ಹೊಲಿಗೆ.

ಎದುರುಮನೆಯ ನಿವೃತ್ತ ಮೇಷ್ಟ್ರು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಅವರಿಗೆ ಪಿಂಚಣಿ ಬಿಟ್ಟರೆ ಇದ್ದ ಉದ್ಯೋಗ ಅದೊಂದೇ. "ತಂಗಿ, ನಾನು ಸಾಕ್ಷಿ! ಇವನು ಸೋತ್ರೆ ಆ ಕುರ್ಚಿ ನಾನು ತಗೋತೀನಿ. ಒಂದೇ ಉಳಿದಿರೋದಂತೆ."

"ನಿಮಗೆ ಯಾಕೆ ಮೇಷ್ಟ್ರೇ ಕುರ್ಚಿ?" ಎಂದ ಇರಲಪ್ಪ.

"ಈ ಕಿಟಕಿ ಹತ್ರ ನಿಂತು ನಿಂತು ಕಾಲು ನೋವಪ್ಪ" ಎಂದರು ಮೇಷ್ಟ್ರು, ಯಾವ ನಾಚಿಕೆಯೂ ಇಲ್ಲದೆ.

ಬಸ್ಸು ಹತ್ತಿದ ಮೇಲೆ ಇರಲಪ್ಪನಿಗೆ ಮೊದಲ ಪೆಟ್ಟು ಬಿತ್ತು. ಸಿಬ್ಬಂದಿಗೆ ಕೊಡುವ ಪಾಸು ಕೂಡ ಅದೇ ಜೇಬಿನಲ್ಲಿತ್ತು. ಹೊಲಿಗೆಯ ಒಳಗೆ.

ಕಂಡಕ್ಟರು ಹೊಸಬ. "ಪಾಸು ತೋರ್ಸಿ."

"ಇಲ್ಲಿದೆ, ಮುಟ್ಟಿ ನೋಡಿ" ಎಂದು ಇರಲಪ್ಪ ಎದೆ ಮುಂದೆ ಮಾಡಿದ.

ಕಂಡಕ್ಟರು ಒಂದು ಹೆಜ್ಜೆ ಹಿಂದೆ ಸರಿದ. "ಪಾಸು ಕಣ್ಣಿಗೆ ಕಾಣಬೇಕು ಸಾರ್. ನಾನೇನು ನಾಡಿ ನೋಡೋ ಡಾಕ್ಟ್ರಾ?"

ಮುಂದಿನ ನಿಲ್ದಾಣದಲ್ಲಿ ಇಳಿಸಿಯೇಬಿಟ್ಟ. ಇರಲಪ್ಪ ನಡೆದ. ಅರ್ಧ ದಾರಿಯಲ್ಲಿ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಚಪ್ಪಲಿ ಹೊಲಿಯುವವನು ಎರಡು ಹೆಜ್ಜೆ ದೂರದಲ್ಲೇ ಕೂತು ನಗುತ್ತಿದ್ದ. ಇರಲಪ್ಪ ಎದೆಯ ಮೇಲಿನ ಕೆಂಪು ದಾರವನ್ನೊಮ್ಮೆ ಸವರಿ, ಬೆತ್ತದ ಕುರ್ಚಿಯನ್ನು ನೆನೆದು, ಕಿತ್ತ ಚಪ್ಪಲಿಯನ್ನು ಕಂಕುಳಲ್ಲಿ ಇರುಕಿಕೊಂಡು ಕುಂಟುತ್ತ ಹೊರಟ.

ಆಫೀಸಿಗೆ ಬಂದವನೇ ಕಪಾಟಿನಿಂದ ಒಂದು ಒಂಟಿ ಬೂಟು ತೆಗೆದ. ಕಂದು ಬಣ್ಣದ್ದು, ಎಡಗಾಲಿನದೇ. ಎರಡು ತಿಂಗಳಿಂದ ಅನಾಥವಾಗಿ ಬಿದ್ದಿತ್ತು. ಸಂಜೆಯವರೆಗೆ ಸಾಲ ಎಂದುಕೊಂಡು ಮೆಟ್ಟಿಕೊಂಡ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು. ಮೇಜಿನ ಹಿಂದೆ ಕೂತರೆ ಯಾರಿಗೆ ಕಾಣುತ್ತದೆ?

ಹನ್ನೊಂದು ಗಂಟೆಗೆ ಟೀ ಮಾರುವವನು ಬಂದ. ಅಲ್ಲಿ ದಿನಕ್ಕೊಬ್ಬರಂತೆ ಸರದಿಯಲ್ಲಿ ಎಲ್ಲರಿಗೂ ಟೀ ಕುಡಿಸುವುದು ಪದ್ಧತಿ. ಇಂದಿನ ಸರದಿ ಇರಲಪ್ಪನದು.

"ನನಗೆ ಹೊಟ್ಟೆ ಸರಿಯಿಲ್ಲ. ಟೀ ಬೇಡ" ಎಂದ ಇರಲಪ್ಪ, ಮುಖ ಹಿಂಡಿಕೊಂಡು.

"ನೀವು ಕುಡೀಬೇಡಿ, ನಮಗೆ ಕುಡಿಸಿ. ನಮ್ಮ ಹೊಟ್ಟೆ ಸರಿಯಾಗೇ ಇದೆ" ಎಂದ ಗೇಟಿನ ಗುಮಾಸ್ತ. ಟೀಯ ವಿಷಯದಲ್ಲಿ ಅವನು ಹೆತ್ತ ತಾಯಿಯನ್ನೂ ನಂಬುವವನಲ್ಲ.

ಟೈಪಿಸ್ಟ್ ಅಕ್ಕನ ಕಣ್ಣು ಅಷ್ಟರಲ್ಲಿ ಜೇಬಿನ ಮೇಲೆ ಬಿತ್ತು. "ಅಯ್ಯೋ, ಇದೇನಣ್ಣ ಎದೆ ಮೇಲೆ ಹೊಲಿಗೆ? ಆಪರೇಷನ್ ಆಯ್ತಾ?"

"ಅಂಗಿಗೆ ಆಗಿದೆ" ಎಂದು ಕ್ಯಾಷಿಯರು ಮೀಸೆಯಡಿಯಲ್ಲೇ ನಕ್ಕ.

ಬೇರೆ ದಾರಿ ಕಾಣದೆ ಇರಲಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಟೈಪಿಸ್ಟ್ ಅಕ್ಕನ ಕಣ್ಣು ಒದ್ದೆಯಾಯಿತು. ಅವಳ ಗಂಡನಿಗೂ ಇಂಥದ್ದೇ ಒಂದು ರೋಗವಿತ್ತು, ಅವನು ಬೀಗಗಳನ್ನು ಕೊಳ್ಳುತ್ತಿದ್ದ. ಕ್ಯಾಷಿಯರು "ಒಳ್ಳೇದೇ ಬಿಡಿ" ಎಂದ. ಗೇಟಿನ ಗುಮಾಸ್ತ ಮಾತ್ರ ತನ್ನ ಟೀಯ ದುಡ್ಡು ತಾನೇ ಕೊಟ್ಟು, ಇರಲಪ್ಪನ ಮುಂದೆ ನಿಂತು, ಅವನಿಗೆ ಕೇಳುವಂತೆ ಸೊರ್ ಎಂದು ಕುಡಿದು ಹೋದ. ಆ ಸದ್ದಿನಲ್ಲೇ ಒಂದು ಹಗೆ ಇತ್ತು.

ಮಧ್ಯಾಹ್ನ ಒಬ್ಬ ದಢೂತಿ ಮನುಷ್ಯ ಬಂದು ಮೇಜು ಗುದ್ದಿದ. "ನಂದೊಂದು ಬೂಟು ಬಸ್ಸಲ್ಲಿ ಬಿಟ್ಟು ಹೋಗಿತ್ತು. ರಿಪೇರಿಗೆ ಒಯ್ಯುತ್ತಿದ್ದೆ. ಕಂದು ಬಣ್ಣ. ಎಡಗಾಲು."

ಇರಲಪ್ಪನ ಎಡಗಾಲು ತಣ್ಣಗಾಯಿತು. "ಎಷ್ಟು ದಿನ ಆಯ್ತು ಸಾರ್?"

"ಎರಡು ತಿಂಗಳು. ಇವತ್ತು ಬಿಡುವಾಯ್ತು."

ಈ ಮಹಾರಾಯನಿಗೆ ಇವತ್ತೇ ಬಿಡುವಾಗಬೇಕೆ! ಇರಲಪ್ಪ ಎದ್ದು ನಿಲ್ಲುವಂತಿಲ್ಲ. ಕೂತಲ್ಲೇ ರಿಜಿಸ್ಟರು ಮಗುಚಿದ, ಕೂತಲ್ಲೇ ಕಪಾಟಿನತ್ತ ಕುತ್ತಿಗೆ ಚಾಚಿದ, ಕೂತಲ್ಲೇ ಕೆಮ್ಮಿದ. ಕೊನೆಗೆ ಪೆನ್ನು ಬೀಳಿಸಿ ಮೇಜಿನ ಕೆಳಗೆ ತೂರಿದ. ಲೇಸು ಕಗ್ಗಂಟಾಗಿತ್ತು. ಹಲ್ಲಿನಲ್ಲಿ ಕಚ್ಚಿ ಬಿಚ್ಚಿ, ಬೆವರೊರೆಸಿಕೊಂಡು ಮೇಲೆದ್ದು, ಬೂಟನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ.

ಆ ಮನುಷ್ಯ ಬೂಟಿನೊಳಗೆ ಕೈ ಹಾಕಿದವನು ಹಾಗೆಯೇ ನಿಂತ. "ಇದೇನ್ರೀ, ಬೆಚ್ಚಗಿದೆ?"

"ಕಂಪನಿ ಚೆನ್ನಾಗಿ ನೋಡ್ಕೊಳ್ಳುತ್ತೆ ಸಾರ್."

ಅವನು ಸಂತೋಷದಿಂದ ಸಹಿ ಹಾಕಿ ಹೋದ. ಇರಲಪ್ಪನ ಎಡಗಾಲು ಮತ್ತೆ ಬರಿಗಾಲಾಯಿತು. ಆದರೆ ಜೇಬಿನ ಹೊಲಿಗೆ ಇನ್ನೂ ಗಟ್ಟಿಯಾಗಿತ್ತು. ಇನ್ನು ಉಳಿದದ್ದು ಹರಾಜು ಒಂದೇ. ಅದೊಂದು ದಾಟಿದರೆ ಈ ಬೆನ್ನು ಬೆತ್ತಕ್ಕೆ ಒರಗಿದ ಹಾಗೆಯೇ. ಅವನಿಗೆ ತನ್ನ ಮೇಲೆಯೇ ಅಭಿಮಾನ ಉಕ್ಕಿತು.

ನಾಲ್ಕು ಗಂಟೆಗೆ ಹರಾಜು ಶುರು. ಕೂಗುವವನು ಕ್ಯಾಷಿಯರು, ಚೀಲ ಎತ್ತಿ ತೋರಿಸುವವನು ಇರಲಪ್ಪ. ಹಸಿದವನ ಕೈಯಲ್ಲಿ ಬಡಿಸುವ ಸೌಟು ಕೊಟ್ಟಂತೆ. ಆದರೂ ಮೊದಲನೆಯ ಚೀಲ ಹೋಯಿತು, ಎರಡನೆಯದು ಹೋಯಿತು, ಐದನೆಯದೂ ಹೋಯಿತು. ಇರಲಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲರೂ ಬೆರಗಾದರು.

ಕೊನೆಯದು ಆರನೆಯದು. ಎತ್ತಿದ, ಭಾರವಿತ್ತು. ಒಳಗೆ ಏನೋ ಕಿಣಿಕಿಣಿ ಎಂದಿತು. ಇನ್ನೇನೋ ಉರುಳಿ ತಳಕ್ಕೆ ಹೋಯಿತು. ಆಮೇಲೆ, ಸೈಕಲ್ ಬೆಲ್ಲಿನದೇ ಇರಬೇಕು, ಟಿಣ್ ಎಂದು ಒಂದೇ ಒಂದು ಸದ್ದು. ಆ ಸದ್ದು ಅವನ ಎದೆಗೇ ನಾಟಿತು. ಕಿವಿ ಹಚ್ಚಿ ಅಲುಗಾಡಿಸಿದ. ಇಂಥ ಆತ್ಮೀಯವಾದ ಸದ್ದನ್ನು ಅವನು ಯಾವ ಚೀಲದಲ್ಲೂ ಕೇಳಿರಲಿಲ್ಲ.

"ಯಾರೂ ಇಲ್ವಾ? ಇಲ್ಲದಿದ್ರೆ ಗುಜರಿಗೆ ಹಾಕ್ತೀನಿ" ಎಂದ ಕ್ಯಾಷಿಯರು.

ಗೇಟಿನ ಗುಮಾಸ್ತ ಮೆಲ್ಲಗೆ ಕೈ ಎತ್ತಿ, ಇರಲಪ್ಪನ ಜೇಬಿನಲ್ಲಿದ್ದ ನೋಟಿನ ಕಾಲು ಭಾಗದಷ್ಟು ಬೆಲೆ ಕೂಗಿದ.

ಇರಲಪ್ಪನ ತಲೆ ಚುರುಕಾಯಿತು. ಈ ಗುಮಾಸ್ತ ಜನ್ಮದಲ್ಲಿ ಒಂದು ಚೀಲ ಕೊಂಡವನಲ್ಲ. ಖಾಕಿಗೆ ಇಳಿಸಿ ಮುದ್ರೆ ಒತ್ತುವವನು ಇವನೇ. ಒತ್ತುವ ಮುಂಚೆ ಒಂದು ಕಣ್ಣು ಹಾಯಿಸದೆ ಇರುತ್ತಾನೆಯೇ? ಅವನೇ ಕೂಗುತ್ತಿದ್ದಾನೆ ಎಂದರೆ ಒಳಗೆ ಇರುವುದು ಸಾಮಾನ್ಯದ ಮಾಲಲ್ಲ!

"ಅರ್ಧ!" ಎಂದು ಯಾರೋ ಕೂಗಿದರು. ಅದು ತನ್ನದೇ ದನಿ ಎಂದು ಇರಲಪ್ಪನಿಗೆ ತಿಳಿಯುವುದಕ್ಕೆ ಒಂದು ಕ್ಷಣ ಹಿಡಿಯಿತು.

"ಅಣ್ಣ, ಕುರ್ಚಿ!" ಎಂದು ಟೈಪಿಸ್ಟ್ ಅಕ್ಕ ಹಿಂದಿನಿಂದ ಚೀರಿದಳು.

"ಮುಕ್ಕಾಲು" ಎಂದ ಗುಮಾಸ್ತ, ಉಗುರು ನೋಡಿಕೊಳ್ಳುತ್ತ.

"ಪೂರ್ತಿ ನೋಟು!"

ಗುಮಾಸ್ತ ಕೈ ಕೆಳಗಿಳಿಸಿ ಸೊಗಸಾಗಿ ನಕ್ಕ. "ನನಗ್ಯಾಕಪ್ಪ ಅಷ್ಟೊಂದು ಬೆಲೆಗೆ? ಬೆಳಿಗ್ಗೆ ಟೀಗೆ ಬಿಚ್ಚದ ಜೇಬು ಬಿಚ್ಚುತ್ತೋ ಇಲ್ವೋ ನೋಡ್ಬೇಕಿತ್ತು, ಅಷ್ಟೇ."

ಒಂದು ಸಲ, ಎರಡು ಸಲ, ಮೂರು ಸಲ ಆಗಿಹೋಯಿತು. ಕೂಗಿದ ಮೇಲೆ ಹಿಂದೆಗೆಯುವಂತಿಲ್ಲ. ಕ್ಯಾಷಿಯರೇ ಪೇಪರು ಕತ್ತರಿಸುವ ಕತ್ತರಿ ತಂದು ಕೆಂಪು ದಾರ ಕತ್ತರಿಸಿದ. ಇರಲಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಕಣ್ಣು ಬಿಟ್ಟಾಗ ಬುದ್ಧಿಯೂ ಬಂತು. "ಅಕ್ಕ, ಹೇಗಾದ್ರೂ ಮಾಡಿ ಇದನ್ನ ಮೊದಲಿನ ಹಾಗೆ ಹೊಲಿದು ಕೊಡಿ. ಒಳಗೆ ಕಾಗದ ಮಡಿಸಿ ಇಡೋಣ. ಚೀಲವನ್ನ ಮನೆ ಮೆಟ್ಟಿಲ ಕೆಳಗೆ ಬಚ್ಚಿಡ್ತೀನಿ."

"ನನ್ನ ಹತ್ರ ಬಿಳಿ ದಾರ ಮಾತ್ರ ಇದೆ."

"ಮುದ್ರೆ ಒತ್ತೋ ಕೆಂಪು ಶಾಯಿ ಇದೆಯಲ್ಲ!"

ಬಿಳಿ ದಾರದಲ್ಲಿ ಹೊಲಿದು ಮೇಲೆ ಶಾಯಿ ಬಳಿದರು. ದೂರದಿಂದ ನೋಡಿದರೆ ಅನುಮಾನವೇ ಬರುತ್ತಿರಲಿಲ್ಲ. ಆದರೆ ಹೊಲಿದು ಮುಗಿದ ಮೇಲೆ ನೆನಪಾಯಿತು: ಪಾಸು ಮತ್ತೆ ಒಳಗೇ ಹೋಗಿತ್ತು. ಇರಲಪ್ಪ ಭಾರದ ಚೀಲ ಹೆಗಲಿಗೇರಿಸಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇಳಿಬಿಸಿಲಿನಲ್ಲಿ ಬೆವರಿಳಿಸುತ್ತ ಇಡೀ ದಾರಿ ನಡೆದ. ಬೆವರು ಇಳಿದಂತೆ ಶಾಯಿಯೂ ಇಳಿಯಿತು. ಅದು ಅವನ ಗಮನಕ್ಕೆ ಬರಲಿಲ್ಲ.

ಮೊದಲು ನೋಡಿದವರು ಮೇಷ್ಟ್ರು. "ತಂಗೀ, ಬೇಗ ಬಾ! ಇವನ ಎದೆಯಿಂದ ರಕ್ತ!"

ಹೆಂಡತಿ ಕೈಯಲ್ಲಿದ್ದ ಬಟ್ಟೆ ಎಸೆದು ಓಡಿಬಂದಳು. ಎದೆಯಿಂದ ಸೊಂಟದವರೆಗೆ ಕೆಂಪು. "ಏನಾಯ್ತು ರೀ? ಯಾರು ಹೊಡೆದ್ರು? ಹಾಳಾಗಿ ಹೋಗ್ಲಿ ಆ ಹೊಲಿಗೆ! ಬನ್ನಿ, ಕೂತ್ಕೊಳ್ಳಿ" ಎಂದು ಅವನನ್ನು ತಬ್ಬಿಕೊಂಡೇ ಒಳಗೆ ಕರೆತಂದು, ಕುರ್ಚಿಯ ಮೇಲಿನ ಬಟ್ಟೆ ರಾಶಿಯನ್ನು ನೆಲಕ್ಕೆ ನೂಕಿ ಕೂರಿಸಿದಳು. ಎಷ್ಟೋ ವರ್ಷದ ಮೇಲೆ ಸಿಕ್ಕ ಆ ಕಾಳಜಿಗೆ ಇರಲಪ್ಪನಿಗೆ, ನಿಜವಾಗಿಯೂ ಗಾಯವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಅವಳು ಗಾಯ ಹುಡುಕಲು ಜೇಬು ಮುಟ್ಟಿದಳು. ಬೆರಳು ನೋಡಿಕೊಂಡಳು. ಮೂಸಿದಳು.

"ಶಾಯಿ."

"ಹ್ಞೂಂ... ಪೆನ್ನು ಸೋರಿ..."

ಅವಳು ಹೊಲಿಗೆಯ ಹತ್ತಿರ ಕಣ್ಣು ತಂದಳು. "ಈ ಹೊಲಿಗೆ ನನ್ನ ಕೈಯದಲ್ಲ. ನಾನು ಹೀಗೆ ಹೊಲಿದ್ರೆ ಶಾಲೆಯವರು ನನ್ನ ಮುಖಕ್ಕೇ ಎಸೀತಾರೆ. ಆ ಚೀಲ ಏನು?"

ಗಾಬರಿಯಲ್ಲಿ ಮೆಟ್ಟಿಲ ಕೆಳಗೆ ಬಚ್ಚಿಡುವುದು ಮರೆತೇಹೋಗಿತ್ತು. ಚೀಲ ಅವನ ಕಾಲ ಬಳಿಯೇ ಕೂತಿತ್ತು.

"ಸೋತ ಹಾಗಾಯ್ತಲ್ಲಪ್ಪ!" ಎಂದು ಕಿಟಕಿಯಿಂದ ಮೇಷ್ಟ್ರ ದನಿ ಬಂತು. ಹಿಂದೆಯೇ ಅವರು ಚಪ್ಪಲಿ ಮೆಟ್ಟಿ ಪೀಠೋಪಕರಣದ ಅಂಗಡಿಯ ಕಡೆ ದಡದಡ ಓಡಿದ್ದು ಕೇಳಿಸಿತು. ಆ ಕಾಲು ನೋವು ಎಲ್ಲಿಗೆ ಹೋಗಿತ್ತೋ!

ಕುರ್ಚಿ ಹೋಯಿತು. ಇನ್ನು ಮಾನವನ್ನಾದರೂ ಉಳಿಸಿಕೊಳ್ಳಬೇಕು. ಇರಲಪ್ಪ ಗಂಟಲು ಸರಿಮಾಡಿಕೊಂಡ. "ಬೈಯೋ ಮುಂಚೆ ಒಳಗೇನಿದೆ ನೋಡು. ಅಷ್ಟಿಷ್ಟರ ಮಾಲಲ್ಲ ಇದು. ಮುದ್ರೆ ಒತ್ತಿದವನೇ ಜಗಳಕ್ಕೆ ಬಿದ್ದು ಕೂಗಿದ, ಗೊತ್ತಾ?"

ಅರಗು ಒಡೆದ. ಖಾಕಿಯ ಒಳಗೊಂದು ಹಳೆಯ ಗೋಣಿಚೀಲ. ಅದನ್ನು ಕಂಡದ್ದೇ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಇರಲಪ್ಪ ಅದನ್ನು ಗಮನಿಸದೆ ಒಂದೊಂದಾಗಿ ಹೊರತೆಗೆಯತೊಡಗಿದ.

"ನೋಡು, ಟಾರ್ಚು! ಒಂದಲ್ಲ, ಏಳು! ಉಗುರು ಕತ್ತರಿ, ಸ್ಟೀಲಿನದು! ಭೂತಗನ್ನಡಿ! ಸೈಕಲ್ ಬೆಲ್ಲು! ಯಾರೋ ಅಭಿರುಚಿ ಇರೋ ಮನುಷ್ಯ ಕಣೇ. ಒಂದೊಂದೂ ಆರಿಸಿ ಆರಿಸಿ ಕೊಂಡಿದ್ದಾನೆ. ಇಂಥದ್ದನ್ನೆಲ್ಲ ಬಸ್ಸಲ್ಲಿ ಮರೆತು ಹೋಗಿದ್ದಾನಲ್ಲ, ಎಂಥ ದಡ್ಡ ಇರಬೇಕು!"

ಹೆಂಡತಿಯ ಹೆಗಲು ಕುಲುಕತೊಡಗಿತು. ಇರಲಪ್ಪ ಅವಳು ಅಳುತ್ತಿದ್ದಾಳೆ ಎಂದುಕೊಂಡು ಇನ್ನಷ್ಟು ಆಳಕ್ಕೆ ಕೈ ಹಾಕಿದ. ಕೈಗೆ ಕೈಗವಸು ಬಂತು, ಇನ್ನೊಂದು ಬಂತು, ಮತ್ತೊಂದು ಬಂತು.

ಎಲ್ಲವೂ ಎಡಗೈಯವು.

ತಳದಲ್ಲಿ ಒಂದು ತಗಡಿನ ಪೆನ್ನಿನ ಡಬ್ಬಿಯಿತ್ತು. ಅದರ ಮುಚ್ಚಳದ ಮೇಲೆ ಮೊಳೆಯಿಂದ ಯಾರೋ 'ಇರಲಿ, ಬಿಸಾಡಬೇಡ' ಎಂದು ಕೆತ್ತಿದ್ದರು. ಆ ಅಕ್ಷರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೆರಡು ವರ್ಷದಿಂದ ರಿಜಿಸ್ಟರಿನಲ್ಲಿ ತಾನೇ ದಿನಾ ಬರೆಯುತ್ತಿದ್ದ ಅಕ್ಷರ.

ಹೆಂಡತಿ ನಗು ತಡೆಯಲಾರದೆ ಬಟ್ಟೆಯ ರಾಶಿಯ ಮೇಲೇ ಕುಸಿದಳು. "ಹೋದ ಹರಾಜಿನ ಮಾರನೇ ದಿನ ಎಲ್ಲಾ ತುಂಬಿ ಬಸ್ಸಿನ ಸೀಟಿನ ಕೆಳಗೆ ಇಟ್ಟು ಬಂದಿದ್ದೆ ರೀ. ಯಾರಾದ್ರೂ ಕದ್ದುಕೊಂಡು ಹೋಗ್ತಾರೆ ಅಂದ್ಕೊಂಡೆ. ಇಷ್ಟೊಂದು ಪ್ರಾಮಾಣಿಕರು ಇರ್ತಾರೆ ಅಂತ ಯಾರಿಗೆ ಗೊತ್ತಿತ್ತು!"

"ಅಲ್ಲ ಕಣೇ, ಹೇಳಬಾರದಿತ್ತಾ? ತೊಂಬತ್ತು ದಿನದೊಳಗೆ ಆಗಿದ್ರೆ ಪುಕ್ಕಟೆ ಸಿಗ್ತಿತ್ತು!"

"ತೊಂಬತ್ತು ದಿನದಲ್ಲಿ ಒಂದು ದಿನವಾದ್ರೂ ಇದ್ರಲ್ಲಿ ಒಂದು ಸಾಮಾನು ಎಲ್ಲಿ ಅಂತ ಕೇಳಿದ್ರಾ ನೀವು?"

ಹೊರಗೆ ಎದುರುಮನೆಯ ಮೆಟ್ಟಿಲಿಗೆ ಏನೋ ತಾಗುತ್ತ ಮೇಲೇರುತ್ತಿತ್ತು. "ಹುಷಾರು, ಬೆತ್ತಕ್ಕೆ ಪೆಟ್ಟಾಗಬಾರದು" ಎಂದು ಮೇಷ್ಟ್ರು ಅಂಗಡಿಯವನಿಗೆ ಹೇಳುತ್ತಿದ್ದರು. ಇರಲಪ್ಪ ಒಂದು ಟಾರ್ಚು ಎತ್ತಿ ಗುಂಡಿ ಒತ್ತಿದ. ಹತ್ತಲಿಲ್ಲ. ಇನ್ನೊಂದು ಒತ್ತಿದ. ಅದೂ ಹತ್ತಲಿಲ್ಲ. ಸೋಲೊಪ್ಪುವುದು ಮಾತ್ರ ಅವನ ಜಾಯಮಾನವಲ್ಲ.

"ಏನೇ ಅನ್ನು, ಬಲು ಅಗ್ಗಕ್ಕೆ ಬಂತು" ಎಂದ. "ಇಷ್ಟನ್ನೂ ಹೊಸದಾಗಿ ಕೊಂಡಿದ್ರೆ ಎಷ್ಟಾಗ್ತಿತ್ತು ಗೊತ್ತಾ?"

"ಗೊತ್ತು" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಹೊಸದಾಗಿ ಕೊಂಡವರೂ ನೀವೇ. ಈಗ ಏಳಿ, ಆ ಕುರ್ಚಿ ಮೇಲೆ ಬಟ್ಟೆ ಇಡಬೇಕು."